ಕರಾವಳಿಯ ಟೆರೇಸಿನಿಂದ ನೀರಾವಿ, ಅಯಾನುಗೋಳ, ನೆಲದ ಚಲನೆ ಅಳೆಯುವುದು: ಜಿಪಿಎಸ್ ಸಿಗ್ನಲ್ ಬಳಸುವ ಸಮಗ್ರ ಮಾರ್ಗದರ್ಶಿ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ ನಮ್ಮನ್ನು ತಲುಪುವ ಮೊದಲು ಎರಡು ಕಡೆ ತಡವಾಗುತ್ತದೆ. ಮೊದಲು ಅಯಾನುಗೋಳದಲ್ಲಿ (ವಾತಾವರಣದ ಮೇಲ್ಭಾಗದಲ್ಲಿ ಎಲೆಕ್ಟ್ರಾನುಗಳಿರುವ ಪದರ), ಆಮೇಲೆ ನೆಲದ ಹತ್ತಿರದ ಗಾಳಿ ಮತ್ತು ನೀರಾವಿಯಲ್ಲಿ. ದಾರಿ ಹುಡುಕುವವರಿಗೆ ಈ ತಡ ಬರೀ ಕಿರಿಕಿರಿ. ಅದನ್ನು ಲೆಕ್ಕ ಹಾಕಿ ಕಳೆದು ಬಿಸಾಡುತ್ತಾರೆ. ನಮಗೆ ಬೇಕಾದ್ದು ಅವರು ಬಿಸಾಡಿದ್ದೇ. ಎಲ್ಲಾ ತಡ ಕಳೆದ ಮೇಲೆ ಆಂಟೆನಾದ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದು ವರ್ಷದಿಂದ ವರ್ಷಕ್ಕೆ ಎಷ್ಟು ಸರಿಯಿತು ಅಂತ ನೋಡಿದರೆ ನೆಲದ ಚಲನೆಯೂ ಗೊತ್ತಾಗುತ್ತದೆ.

ಮಂಗಳೂರು, ಉಡುಪಿಯಲ್ಲಿ ಕೂತು ಇದನ್ನು ಮಾಡುವವರು ಯಾವುದಕ್ಕೆ ಸ್ವಂತ ಆಂಟೆನಾ ಬೇಕು, ಯಾವುದಕ್ಕೆ ಬೇಡ ಅಂತ ಮೊದಲೇ ತೀರ್ಮಾನಿಸಬೇಕು. ಅಯಾನುಗೋಳಕ್ಕೂ ನೆಲದ ಚಲನೆಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ನಿಲ್ದಾಣದ ಡೇಟಾ ಸಾಕು. ಅದು ಐಜಿಎಸ್ ಎಂಬ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ್ದು, ಹೆಸರು ಐಐಎಸ್‌ಸಿ, ಡೇಟಾ ಉಚಿತ. ನೀರಾವಿಯ ಕತೆ ಬೇರೆ. ಬೆಂಗಳೂರು ಘಟ್ಟದ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿರುವ ನೀರಾವಿಯ ದೊಡ್ಡ ಪಾಲು ತಳದ ಎರಡು ಮೂರು ಕಿಲೋಮೀಟರಿನಲ್ಲೇ ಇರುತ್ತದೆ. ನಮ್ಮ ಸೆಕೆಯನ್ನು ಅಲ್ಲಿಂದ ಅಳೆಯಲು ಆಗುವುದಿಲ್ಲ. ಹಾಗಾಗಿ ಈ ಬರಹದ ಹೆಚ್ಚು ಭಾಗ ನೀರಾವಿಗೇ ಮೀಸಲು.

ಮೊಬೈಲಿನಲ್ಲಿ ಕೈ ಪಳಗಿಸಿ

ಆಂಡ್ರಾಯ್ಡ್ 7ರಿಂದ ಈಚೆಗೆ ಮೊಬೈಲುಗಳು ಉಪಗ್ರಹದ ಕಚ್ಚಾ ಅಳತೆಗಳನ್ನು ಕೊಡುತ್ತವೆ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ ಅಂಗಳದಲ್ಲಿ ನಿಂತು ನೋಡಿ. ಯಾವ ಉಪಗ್ರಹ ಎಲ್ಲಿದೆ, ಉಪಗ್ರಹ ಕಳಿಸುವ ಸಿಗ್ನಲುಗಳಲ್ಲಿ ನಿಮ್ಮ ಫೋನು ಎಲ್1 ಒಂದನ್ನೇ ಹಿಡಿಯುತ್ತದಾ ಅಥವಾ ಎಲ್5 ಕೂಡ ಹಿಡಿಯುತ್ತದಾ, ನಮ್ಮ ದೇಶದ ನಾವಿಕ್ ಉಪಗ್ರಹಗಳು ಕಾಣುತ್ತವಾ ಎಲ್ಲವೂ ತಿಳಿಯುತ್ತದೆ. ಗೂಗಲ್‌ನ ಜಿಎನ್‌ಎಸ್‌ಎಸ್ ಲಾಗರ್‌ನಲ್ಲಿ (ಜಿಪಿಎಸ್ ಥರದ ಎಲ್ಲ ಉಪಗ್ರಹ ವ್ಯವಸ್ಥೆಗಳಿಗೂ ಸೇರಿ ಜಿಎನ್‌ಎಸ್‌ಎಸ್ ಅಂತ ಹೆಸರು) ರೆಕಾರ್ಡ್ ಮಾಡುವುದಾದರೆ ಮೊದಲು ಡೆವಲಪರ್ ಆಯ್ಕೆಗಳಿಗೆ ಹೋಗಿ ಪೂರ್ಣ ಜಿಎನ್‌ಎಸ್‌ಎಸ್ ಅಳತೆಯ ಸ್ವಿಚ್ ಆನ್ ಮಾಡಿ. ಇಲ್ಲದಿದ್ದರೆ ಬ್ಯಾಟರಿ ಉಳಿಸಲು ಫೋನು ಆಗಾಗ ರಿಸೀವರನ್ನು ಮಲಗಿಸುತ್ತದೆ, ಡೇಟಾ ತುಂಡು ತುಂಡಾಗುತ್ತದೆ.

ಆದರೆ ಮೊಬೈಲಿನಲ್ಲಿ ನೀರಾವಿ ಅಳೆಯುವ ಆಸೆ ಬಿಡಿ. ಅದರ ಆಂಟೆನಾ ತೀರಾ ಚಿಕ್ಕದು. ಗೋಡೆ, ನೆಲ, ನಿಮ್ಮ ಕೈ ಎಲ್ಲದರಿಂದ ತಟ್ಟಿ ಬಂದ ಸಿಗ್ನಲನ್ನೂ ಅದು ನುಂಗುತ್ತದೆ. ಕಡತ ಹೇಗಿರುತ್ತದೆ, ಉಪಗ್ರಹ ಹೇಗೆ ಏರಿ ಇಳಿಯುತ್ತದೆ ಅಂತ ಕಲಿಯಲು ಮಾತ್ರ ಅದು ಒಳ್ಳೆಯದು.

ಆಂಟೆನಾ ಎಲ್ಲಿಡುವುದು

ಇಡೀ ಕೆಲಸ ನಿಲ್ಲುವುದು ಈ ಹೆಜ್ಜೆಯ ಮೇಲೆ. ನಮ್ಮಲ್ಲಿ ಮಳೆ ನೀರು ಸೋರುತ್ತದೆ ಅಂತ ಟೆರೇಸಿನ ಮೇಲೆ ಶೀಟಿನ ಮಾಡು ಹಾಕಿದ ಮನೆಗಳೇ ಜಾಸ್ತಿ. ಶೀಟಿನ ಕೆಳಗೆ ಸಿಗ್ನಲ್ ಬರುವುದಿಲ್ಲ. ಶೀಟಿಗೇ ಕ್ಲ್ಯಾಂಪ್ ಹಾಕಿ ಕೂರಿಸಿದರೆ ಇನ್ನೂ ಕಷ್ಟ. ಜೂನ್ ಗಾಳಿಗೆ ಅದು ನಡುಗುತ್ತದೆ, ಬಿಸಿಲಿಗೆ ಉಬ್ಬುತ್ತದೆ, ಲೋಹವಾದ್ದರಿಂದ ಪ್ರತಿಫಲನವೂ ಬೇಕಾದಷ್ಟು. ಶೀಟಿನ ಅಂಚಿನಿಂದ ಹೊರಗೆ, ಕಾಂಕ್ರೀಟ್ ಪ್ಯಾರಪೆಟ್ ಗೋಡೆಗೆ ಬೋಲ್ಟ್ ಹಾಕಿ ದಪ್ಪ ಜಿಐ ಪೈಪ್ ನಿಲ್ಲಿಸಿ. ಪೈಪಿನ ತುದಿ ಶೀಟಿನ ನೆತ್ತಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಲಿ. ಹಂಚಿನ ಮಾಡಿನ ಹಳೇ ಮನೆಯಾದರೆ ಮಾಡಿನ ಸುದ್ದಿಗೆ ಹೋಗಬೇಡಿ. ಅಂಗಳದಲ್ಲಿ ಕಾಂಕ್ರೀಟ್ ಕಂಬ ಹಾಕಿಸಿ.

ಎರಡನೇ ಶತ್ರು ತೆಂಗಿನ ಮರ. ಒಣ ಗರಿಯ ಮೂಲಕ ಸಿಗ್ನಲ್ ಹೇಗೋ ಬಂದೀತು, ಮಳೆಗೆ ತೊಯ್ದ ಗರಿಯ ಮೂಲಕ ಬರುವಾಗ ಸೋತುಹೋಗುತ್ತದೆ. ನಮಗೆ ಡೇಟಾ ಬೇಕಾದ್ದೇ ಮಳೆಗಾಲದಲ್ಲಿ, ಅಲ್ವಾ? ಸುತ್ತಲೂ ದಿಗಂತದಿಂದ 10 ಡಿಗ್ರಿಗಿಂತ ಮೇಲೆ ಏನೂ ಅಡ್ಡ ಇಲ್ಲದ ಜಾಗ ಸಿಕ್ಕರೆ ಪುಣ್ಯ. ಸಿಗದಿದ್ದರೆ ಎತ್ತರದ ಕಟ್ಟಡದಲ್ಲಿರುವ ಗೆಳೆಯರನ್ನು ಕೇಳಿ.

ಉಪ್ಪುಗಾಳಿಗೆ ಕೇಬಲ್ ಕನೆಕ್ಟರ್ ಬೇಗ ಹಸಿರು ಹಿಡಿಯುತ್ತದೆ. ಕನೆಕ್ಟರ್ ಬಿಗಿ ಮಾಡಿ, ಎಳೆದಂತೆಲ್ಲ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಮಾಮೂಲಿ ಇನ್ಸುಲೇಷನ್ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಒಂದು ಬಾಗು ಕೆಳಕ್ಕೆ ಬಿಡಿ, ನೀರು ಅಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಕೇಬಲ್ ದಾರಿಯಲ್ಲಿ ಸರ್ಜ್ ಅರೆಸ್ಟರ್ ಹಾಕಿ ಅರ್ಥಿಂಗ್ ಕೊಡಿ. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ರಿಸೀವರ್ ಮತ್ತು ರೆಕಾರ್ಡಿಂಗ್

ಎರಡು ತರಂಗಾಂತರ ಹಿಡಿಯುವ ರಿಸೀವರೇ ಬೇಕು. ಯು-ಬ್ಲಾಕ್ಸ್ ಕಂಪನಿಯ ಜೆಡ್ಇಡಿ-ಎಫ್9ಪಿ ಚಿಪ್ ಇರುವ ಬೋರ್ಡು ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಎಲ್1 (1575.42 ಮೆಗಾಹರ್ಟ್ಸ್) ಮತ್ತು ಎಲ್2 (1227.60 ಮೆಗಾಹರ್ಟ್ಸ್) ಎರಡೂ ಇದ್ದರೆ ಅಯಾನುಗೋಳದ ತಡವನ್ನು ಹೆಚ್ಚುಕಡಿಮೆ ಪೂರ್ತಿ ಕಳೆಯಬಹುದು. ಅದು ಕಳೆಯದೆ ನೀರಾವಿಯ ತಡ ಕಾಣುವುದೇ ಇಲ್ಲ. ಚಪ್ಪಟೆ ಪ್ಯಾಚ್ ಆಂಟೆನಾ ಆದರೆ ಕೆಳಗೆ ಕೈಯಗಲದ ಲೋಹದ ತಟ್ಟೆ ಇಡಿ. ದುಡ್ಡಿದ್ದರೆ ಸರ್ವೇಯವರು ಬಳಸುವ ಆಂಟೆನಾವನ್ನೇ ತನ್ನಿ, ಬೋರ್ಡಿಗಿಂತ ಅದಕ್ಕೆ ಸುರಿದ ದುಡ್ಡು ಜಾಸ್ತಿ ಫಲ ಕೊಡುತ್ತದೆ.

ಬೋರ್ಡಿನಿಂದ ಕಚ್ಚಾ ಅಳತೆಯ ಎರಡು ಸಂದೇಶಗಳನ್ನು (ರಾಎಕ್ಸ್ ಮತ್ತು ಎಸ್‌ಎಫ್‌ಆರ್‌ಬಿಎಕ್ಸ್) ಆನ್ ಮಾಡಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿ. ಉಚಿತ ತಂತ್ರಾಂಶ ಆರ್‌ಟಿಕೆಲಿಬ್ ಅದನ್ನು ಕಡತಕ್ಕೆ ಬರೆಯುತ್ತದೆ, ಆಮೇಲೆ ರೈನೆಕ್ಸ್ ಎಂಬ, ಬೇರೆ ತಂತ್ರಾಂಶಗಳಿಗೂ ಅರ್ಥವಾಗುವ ರೂಪಕ್ಕೂ ಬದಲಿಸುತ್ತದೆ. ರೈನೆಕ್ಸಿಗೆ 30 ಸೆಕೆಂಡಿಗೊಂದು ಅಳತೆ ಸಾಕು. ರಿಸೀವರಿನಲ್ಲಿ ಕೋನದ ಮಿತಿ ಹಾಕಬೇಡಿ. ತಗ್ಗಿನ ಉಪಗ್ರಹಗಳನ್ನು ಬೇಕಿದ್ದರೆ ಲೆಕ್ಕದ ಹೊತ್ತಿಗೆ ಬಿಟ್ಟರಾಯಿತು. ಮಳೆಗಾಲದಲ್ಲಿ ಕರೆಂಟು ಹೋಗುವುದು ಇದ್ದದ್ದೇ, ಎಲ್ಲವನ್ನೂ ಇನ್ವರ್ಟರ್ ಲೈನಿಗೆ ಹಾಕಿ.

ಒಂದು ಸಣ್ಣ ವಿಷಯ. ಕಡತದ ದಿನ ಅಂತರರಾಷ್ಟ್ರೀಯ ಸಮಯದ್ದು, ಅದು ಶುರುವಾಗುವುದು ನಮ್ಮ ಬೆಳಗ್ಗೆ 5.30ಕ್ಕೆ. ಮಧ್ಯರಾತ್ರಿಗೆ ಕಡತ ತುಂಡು ಮಾಡಿದರೆ ಮುಂದೆ ತಾಳೆ ನೋಡುವಾಗ ತಲೆ ಕೆಡುತ್ತದೆ.

ನೆತ್ತಿಯ ತಡ ಪಡೆಯುವುದು

ಈಗ ಪಿಪಿಪಿ ಎಂಬ ಲೆಕ್ಕ. ಉಪಗ್ರಹಗಳ ಕಕ್ಷೆ ಮತ್ತು ಗಡಿಯಾರದ ನಿಖರ ಪಟ್ಟಿ ಬಳಸಿ ಒಂದೇ ಆಂಟೆನಾದ ಜಾಗವನ್ನೂ ಅದರ ಮೇಲಿನ ಗಾಳಿಯ ತಡವನ್ನೂ ಒಟ್ಟಿಗೆ ಬಿಡಿಸುವ ವಿಧಾನ ಇದು. ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆ ಇದನ್ನು ಪುಕ್ಕಟೆ ಮಾಡಿಕೊಡುತ್ತದೆ. ಖಾತೆ ತೆರೆದು, 24 ಗಂಟೆಯ ರೈನೆಕ್ಸ್ ಕಡತ ಅಪ್‌ಲೋಡ್ ಮಾಡಿದರೆ ಫಲಿತಾಂಶ ಇಮೇಲಿಗೆ ಬರುತ್ತದೆ.

ಅಲ್ಲಿ ಮೂರು ಆಯ್ಕೆ ಸರಿ ಇರಬೇಕು. ಆಂಟೆನಾ ಕದಲುವುದಿಲ್ಲ ಎಂಬ ಸ್ಟ್ಯಾಟಿಕ್ ಆರಿಸಿ. ನಿರ್ದೇಶಾಂಕಕ್ಕೆ ಇಡೀ ಭೂಮಿಗೆ ಒಪ್ಪುವ ಚೌಕಟ್ಟಾದ ಐಟಿಆರ್‌ಎಫ್ ಆರಿಸಿ, ಇನ್ನೊಂದು ಉತ್ತರ ಅಮೆರಿಕದವರಿಗೆ ಮಾಡಿದ್ದು. ಮೂರನೆಯದನ್ನು ಕರಾವಳಿಯವರು ಬಿಡಲೇಬಾರದು. ಉಬ್ಬರದ ನೀರಿನ ಭಾರಕ್ಕೆ ದಂಡೆಯ ನೆಲ ದಿನಕ್ಕೆ ಎರಡು ಸಲ ತುಸು ಕುಗ್ಗಿ ಏಳುತ್ತದೆ. ಸ್ವೀಡನ್ನಿನ ಆನ್ಸಾಲಾ ವೀಕ್ಷಣಾಲಯದ ಉಚಿತ ಸೇವೆಯಲ್ಲಿ ನಿಮ್ಮ ಅಕ್ಷಾಂಶ, ರೇಖಾಂಶ ಕೊಟ್ಟರೆ ಈ ಭಾರದ ಪಟ್ಟಿ ಕಳಿಸುತ್ತಾರೆ. ಅದನ್ನೂ ಜೊತೆಗೆ ಅಪ್‌ಲೋಡ್ ಮಾಡಿ. ಮಾಡದಿದ್ದರೆ ಉಬ್ಬರ ಇಳಿತ ನೀರಾವಿಯ ವೇಷ ಹಾಕಿಕೊಂಡು ನಿಮ್ಮ ನಕ್ಷೆಯೊಳಗೆ ಬಂದು ಕೂರುತ್ತದೆ.

ಬಂದ ಜಿಪ್ ಕಡತದಲ್ಲಿ ಟ್ರೋ ಎಂಬ ಕೊನೆಯಿರುವ ಫೈಲ್ ಹುಡುಕಿ. ನೇರ ನೆತ್ತಿಯಿಂದ ಬರುವ ಸಿಗ್ನಲ್ ಗಾಳಿಯಲ್ಲಿ ಒಟ್ಟು ಎಷ್ಟು ತಡವಾಯಿತು ಅಂತ ಅದರಲ್ಲಿ ಹೊತ್ತು ಹೊತ್ತಿಗೆ ಬರೆದಿರುತ್ತದೆ. ತಡವನ್ನು ಉದ್ದದ ಲೆಕ್ಕದಲ್ಲಿ ಹೇಳುವುದು ರೂಢಿ. ನಮ್ಮ ದಂಡೆಯಲ್ಲಿ ಅದು ಎರಡೂವರೆ ಮೀಟರಿನ ಆಚೀಚೆ ಇರುತ್ತದೆ.

ತಡದಿಂದ ನೀರಾವಿಗೆ

ಈ ಎರಡೂವರೆ ಮೀಟರಿನಲ್ಲಿ ಸುಮಾರು 2.3 ಮೀಟರ್ ಬರೀ ಗಾಳಿಯ ತೂಕದ್ದು, ಅಂದರೆ ಒಣ ತಡ. ಉಳಿದ ಹತ್ತು ಇಪ್ಪತ್ತು ಸೆಂಟಿಮೀಟರ್ ನೀರಾವಿಯದ್ದು, ಮುಂಗಾರಿನಲ್ಲಿ ಅದು 35–40ರವರೆಗೂ ಹೋಗುತ್ತದೆ. ಒಣ ತಡ ಗಾಳಿಯ ಒತ್ತಡ ಒಂದರಿಂದಲೇ ಸಿಗುತ್ತದೆ. ಅದಕ್ಕೆ ಬಳಸುವ ಸಾಸ್ತಮೊಯಿನೆನ್ ಸೂತ್ರದಲ್ಲಿ ಅಕ್ಷಾಂಶ ಮತ್ತು ಎತ್ತರದ ಸಣ್ಣ ತಿದ್ದುಪಡಿ ಇದೆ. ಮಂಗಳೂರಿನಿಂದ ಉಡುಪಿವರೆಗಿನ ದಂಡೆಗೆ ಅದನ್ನು ಸೇರಿಸಿ ಹೇಳುವುದಾದರೆ: ಹೆಕ್ಟೋಪ್ಯಾಸ್ಕಲ್‌ನಲ್ಲಿರುವ ಒತ್ತಡವನ್ನು 0.0022823ರಿಂದ ಗುಣಿಸಿದರೆ ಮೀಟರಿನಲ್ಲಿ ಒಣ ತಡ.

ಒತ್ತಡ ಎಲ್ಲಿಂದ? ಮಂಗಳೂರು ವಿಮಾನ ನಿಲ್ದಾಣದ ಹವಾ ವರದಿ ಅರ್ಧ ಗಂಟೆಗೊಮ್ಮೆ ಹೊರಬರುತ್ತದೆ, ಸಂಕೇತ ವಿಒಎಂಎಲ್. ಅದರಲ್ಲಿ ಕ್ಯೂ ಅಕ್ಷರದ ಮುಂದಿರುವ ನಾಲ್ಕಂಕಿ ಸಮುದ್ರ ಮಟ್ಟಕ್ಕೆ ಇಳಿಸಿದ ಒತ್ತಡ. ಗುಡ್ಡದ ಮೇಲಿನ ರನ್‌ವೇಯ ಎತ್ತರವನ್ನು ಅವರೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ದಶಮಾಂಶವನ್ನು ಕೆಳಕ್ಕೆ ಕತ್ತರಿಸಿ ಬರೆಯುವ ರೂಢಿ ಇರುವುದರಿಂದ ಸರಾಸರಿಗೆ 0.5 ಸೇರಿಸಿ. ಆಮೇಲೆ ನಿಮ್ಮ ಆಂಟೆನಾದ ಎತ್ತರಕ್ಕೆ ತಕ್ಕಂತೆ ಮೀಟರಿಗೆ 0.115ರ ಲೆಕ್ಕದಲ್ಲಿ ಕಳೆಯಿರಿ.

ಉದಾಹರಣೆಗೆ ವರದಿಯಲ್ಲಿ 1007 ಇದೆ, ಆಂಟೆನಾ ಸಮುದ್ರ ಮಟ್ಟದಿಂದ 20 ಮೀಟರ್ ಮೇಲಿದೆ ಅನ್ನಿ. 1007.5ರಲ್ಲಿ 2.3 ಕಳೆದರೆ 1005.2. ಗುಣಿಸಿದರೆ ಒಣ ತಡ 2.294 ಮೀಟರ್. ಪಿಪಿಪಿ ಕೊಟ್ಟ ಒಟ್ಟು ತಡ 2.664 ಆಗಿದ್ದರೆ ತೇವದ ತಡ 0.370 ಮೀಟರ್, ಅಂದರೆ 370 ಮಿ.ಮೀ. ಇದನ್ನು ನೀರಿನ ಎತ್ತರಕ್ಕೆ ಬದಲಿಸಲು ಒಂದು ಗುಣಕ ಬೇಕು. ಮೈಕೆಲ್ ಬೆವಿಸ್ ಮತ್ತು ಸಂಗಡಿಗರು 1992ರಲ್ಲಿ ಕೊಟ್ಟ ವಿಧಾನದಲ್ಲಿ ಅದು ಗಾಳಿಯ ಉಷ್ಣಾಂಶದ ಮೇಲೆ ನಿಂತಿದೆ. ನಮ್ಮಲ್ಲಿ 27 ಡಿಗ್ರಿ ಇರುವಾಗ ಅದು ಸುಮಾರು 0.163. ಗುಣಿಸಿದರೆ 60 ಮಿ.ಮೀ. ನಿಮ್ಮ ಮನೆ ಮೇಲಿನ ಗಾಳಿಯ ಕಂಬದಲ್ಲಿರುವ ಆವಿಯೆಲ್ಲ ನೀರಾಗಿ ಇಳಿದರೆ 60 ಮಿ.ಮೀ. ನಿಲ್ಲುತ್ತದೆ ಅಂತ ಅರ್ಥ.

ಎತ್ತರದ ವಿಷಯದಲ್ಲಿ ನಮ್ಮ ಊರಿನವರಿಗೆ ಒಂದು ವಿಶೇಷ ಗುಂಡಿ ಇದೆ. ಪಿಪಿಪಿ ವರದಿಯಲ್ಲಿ ನಿಮ್ಮ ಮನೆಯ ಎತ್ತರ ಮೈನಸ್ ಅರವತ್ತು ಚಿಲ್ಲರೆ ಮೀಟರ್ ಅಂತ ಬಂದರೆ ಗಾಬರಿ ಬೇಡ. ಜಿಪಿಎಸ್ ಅಳೆಯುವುದು ಭೂಮಿಗೆ ಹೊಂದಿಸಿದ ನುಣುಪಾದ ಗಣಿತದ ಗೋಳದಿಂದ. ಹಿಂದೂ ಮಹಾಸಾಗರದ ಈ ಭಾಗದಲ್ಲಿ ಗುರುತ್ವ ಕಡಿಮೆ ಇರುವುದರಿಂದ ನಿಜವಾದ ಸಮುದ್ರ ಮಟ್ಟ ಆ ಗೋಳಕ್ಕಿಂತ 80 ಮೀಟರಿಗೂ ಜಾಸ್ತಿ ಕೆಳಗಿದೆ. ಆ ಮೈನಸ್ ಎತ್ತರವನ್ನೇ ಒತ್ತಡದ ಲೆಕ್ಕಕ್ಕೆ ಹಾಕಿದರೆ ಸುಮಾರು 10 ಹೆಕ್ಟೋಪ್ಯಾಸ್ಕಲ್ ತಪ್ಪುತ್ತದೆ, ನೀರಾವಿಯಲ್ಲಿ 4 ಮಿ.ಮೀ. ಹತ್ತಿರ ವ್ಯತ್ಯಾಸ. ಒತ್ತಡಕ್ಕೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂಬುದನ್ನೇ ಬಳಸಿ.

ದಿನಕ್ಕೊಂದೇ ಒತ್ತಡ ಹಾಕಿ ಕೈತೊಳೆದುಕೊಳ್ಳುವುದೂ ಬೇಡ. ಉಷ್ಣವಲಯದಲ್ಲಿ ಒತ್ತಡ ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ನಾಲ್ಕರ ಸುಮಾರಿಗೆ ಇಳಿಯುತ್ತದೆ. ಇದನ್ನು ಬಿಟ್ಟರೆ ನೀರಾವಿ ದಿನಕ್ಕೆ ಎರಡು ಸಲ ಕುಣಿದ ಹಾಗೆ ಕಾಣುತ್ತದೆ.

ಬಲೂನಿನ ಜೊತೆ ತಾಳೆ, ಆಮೇಲೆ ಓದು

ಹವಾಮಾನ ಇಲಾಖೆ ಪಣಂಬೂರಿನಿಂದ ಗಾಳಿಯ ತೇವ ಅಳೆಯುವ ಉಪಕರಣ ಕಟ್ಟಿದ ಬಲೂನು ಹಾರಿಸುತ್ತದೆ. ಬಲೂನುಗಳ ಅಂತರರಾಷ್ಟ್ರೀಯ ಹೊತ್ತು ನಮ್ಮ ಬೆಳಗ್ಗೆ 5.30 ಮತ್ತು ಸಂಜೆ 5.30. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ನಿಲ್ದಾಣ ಸಂಖ್ಯೆ 43285 ಹಾಕಿದರೆ ಆ ಮಾಹಿತಿ ಸಿಗುತ್ತದೆ, ಕೊನೆಯ ಸಾಲುಗಳಲ್ಲಿ ಒಟ್ಟು ನೀರಾವಿಯ ಮಿಲಿಮೀಟರ್ ಕೂಡ. ನಿಮ್ಮ ಲೆಕ್ಕ ಅದರಿಂದ ಎರಡು ಮೂರು ಮಿ.ಮೀ. ಆಚೀಚೆ ಇದ್ದರೆ ಖುಷಿಪಡಿ. ಬಲೂನು ಮೇಲೇರಲು ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಗಾಳಿಗೆ ದೂರವೂ ಹೋಗುತ್ತದೆ, ಕರಾರುವಾಕ್ಕಾಗಿ ಹೊಂದುವುದಿಲ್ಲ. ವ್ಯತ್ಯಾಸ ಯಾವಾಗಲೂ ಒಂದೇ ಕಡೆಗೆ ಇದ್ದರೆ ಮಾತ್ರ ಒತ್ತಡ ಅಥವಾ ರೈನೆಕ್ಸ್ ಕಡತದಲ್ಲಿ ಬರೆದ ಆಂಟೆನಾ ಮಾದರಿಯ ಹೆಸರು ತಪ್ಪಾಗಿದೆಯಾ ನೋಡಿ.

ಈ ಅಂಕಿ ನೋಡಿ ಮಳೆ ಹೇಳುತ್ತೇನೆ ಅಂತ ಹೊರಡಬೇಡಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನೀರಾವಿ 60ರ ಆಸುಪಾಸಿನಲ್ಲೇ ದಿನಗಟ್ಟಲೆ ನಿಂತಿರುತ್ತದೆ, ಮಳೆ ಒಂದು ದಿನ ಸುರಿದು ಇನ್ನೊಂದು ದಿನ ಹೊಳವಾಗುತ್ತದೆ. ಒಂದೇ ದಿನ 150 ಮಿ.ಮೀ. ಮಳೆ ಬೀಳುವುದೂ ಇದೆ. ಕಂಬದಲ್ಲಿರುವುದು 60 ಆದರೂ ಅರಬ್ಬಿ ಸಮುದ್ರದಿಂದ ಹೊಸ ಆವಿ ಬರುತ್ತಲೇ ಇರುತ್ತದಲ್ಲ. ನನಗೆ ಜಾಸ್ತಿ ಸ್ವಾರಸ್ಯ ಕಾಣುವುದು ಋತುವಿನ ಅಂಚುಗಳಲ್ಲಿ. ಮೇ ಕೊನೆಯಲ್ಲಿ ಗೆರೆ ಏರಿ ಇಳಿಯದೆ ನಿಲ್ಲುವ ದಿನಗಳು, ಡಿಸೆಂಬರಿನಲ್ಲಿ ಘಟ್ಟದ ಕಡೆಯಿಂದ ಒಣ ಗಾಳಿ ಬೀಸಿ ಗೆರೆ ದಿಢೀರನೆ ಅರ್ಧಕ್ಕೆ ಕುಸಿಯುವ ದಿನಗಳು. ಮೊದಲ ವರ್ಷ ಅವನ್ನು ತಪ್ಪಿಸಬೇಡಿ.

ಅಯಾನುಗೋಳ: ಬೆಂಗಳೂರಿನ ಕಣ್ಣಿನಿಂದ ಮಂಗಳೂರಿನ ಆಕಾಶ

ಅಯಾನುಗೋಳದ ಲೆಕ್ಕಕ್ಕೆ ಸುಮಾರು 350 ಕಿ.ಮೀ. ಎತ್ತರದಲ್ಲಿ ಒಂದು ತೆಳು ಪದರ ಇದೆ ಅಂತ ಭಾವಿಸುತ್ತಾರೆ. ಬೆಂಗಳೂರಿನ ರಿಸೀವರು ಪಶ್ಚಿಮಕ್ಕೆ, ಸುಮಾರು 48 ಡಿಗ್ರಿ ಮೇಲಿರುವ ಉಪಗ್ರಹವನ್ನು ನೋಡುವಾಗ ಅದರ ದೃಷ್ಟಿರೇಖೆ ಆ ಪದರವನ್ನು ಚುಚ್ಚುವುದು ಸುಮಾರು 290 ಕಿ.ಮೀ. ಪಶ್ಚಿಮದಲ್ಲಿ, ಅಂದರೆ ಬಹುಮಟ್ಟಿಗೆ ಮಂಗಳೂರಿನ ಮೇಲೆ. ಆ ಉಪಗ್ರಹಗಳನ್ನಷ್ಟೇ ಆರಿಸಿಕೊಂಡರೆ ನಮ್ಮ ನೆತ್ತಿಯ ಅಯಾನುಗೋಳ ಸಿಕ್ಕಿತು.

ನಾಸಾದ ಸಿಡಿಡಿಐಎಸ್ ಸಂಗ್ರಹದಲ್ಲಿ ಖಾತೆ ತೆರೆದು ಐಐಎಸ್‌ಸಿ ನಿಲ್ದಾಣದ ದಿನದ ರೈನೆಕ್ಸ್ ಇಳಿಸಿಕೊಳ್ಳಿ. ಅಯಾನುಗೋಳ ಎಲ್1ಗಿಂತ ಎಲ್2 ಸಿಗ್ನಲನ್ನು ಜಾಸ್ತಿ ತಡ ಮಾಡುತ್ತದೆ. ಎರಡರ ದೂರದ ಅಳತೆಯಲ್ಲಿ 1 ಮೀಟರ್ ವ್ಯತ್ಯಾಸ ಬಂದರೆ ದಾರಿಯಲ್ಲಿ 9.52 ಘಟಕ ಎಲೆಕ್ಟ್ರಾನುಗಳಿವೆ ಅಂತ ಲೆಕ್ಕ. ಒಂದು ಘಟಕ (ಒಂದು ಚದರ ಮೀಟರ್ ಅಡ್ಡಕೊಯ್ತದ ದಾರಿಯಲ್ಲಿ 10ರ ಘಾತ 16ರಷ್ಟು ಎಲೆಕ್ಟ್ರಾನು) ಎಲ್1ರಲ್ಲಿ 16 ಸೆಂ.ಮೀ. ತಡ ತರುತ್ತದೆ. ಉಪಗ್ರಹ ಮತ್ತು ರಿಸೀವರಿನ ಒಳಗಿನ ವ್ಯತ್ಯಾಸಗಳನ್ನೂ ಕಳೆಯಬೇಕು. ಕೈಯಲ್ಲಿ ಮಾಡಲು ಹೋದರೆ ಬೇಜಾರು ಬರುತ್ತದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜಿಯೋಮ್ಯಾಗ್ನೆಟಿಸಂನ ಗೋಪಿ ಸೀಮಲ ಅವರು ಮಾಡಿದ ಉಚಿತ ಜಿಪಿಎಸ್-ಟಿಇಸಿ ತಂತ್ರಾಂಶಕ್ಕೆ ಕಡತ ಕೊಟ್ಟರೆ ಅದೇ ನಕ್ಷೆ ಬಿಡಿಸುತ್ತದೆ.

ಮಾಮೂಲಿ ದಿನದಲ್ಲಿ ಗೆರೆ ನಸುಕಿಗೆ ತಳದಲ್ಲಿದ್ದು ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ತುದಿ ಮುಟ್ಟುತ್ತದೆ. ಕೈ ಕುದುರಿದ ಮೇಲೆ 2019ರ ಡಿಸೆಂಬರ್ 26 ತೆಗೆಯಿರಿ. ಅಂದು ಬೆಳಗ್ಗೆ ಒಂಬತ್ತೂವರೆ ಸುಮಾರಿಗೆ ಮಂಗಳೂರಿನಲ್ಲಿ ಕಂಕಣ ಗ್ರಹಣ. ಏರಬೇಕಾದ ಹೊತ್ತಿನಲ್ಲಿ ಎಲೆಕ್ಟ್ರಾನುಗಳ ಏರಿಕೆಗೆ ಏನಾಯಿತು ಅಂತ ಹಿಂದಿನ ದಿನದ ಗೆರೆಯನ್ನು ಮೇಲಿಟ್ಟು ನೋಡಿ. 2024ರ ಮೇ 10–11ರ ಸೌರ ಬಿರುಗಾಳಿ ಇನ್ನೊಂದು ಒಳ್ಳೆಯ ಪಾಠ.

ನಾವು ಕಾಂತೀಯ ಸಮಭಾಜಕದಿಂದ ಹೆಚ್ಚು ದೂರ ಇಲ್ಲ, ಅದು ದೇಶದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಹಾಗಾಗಿ ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕತ್ತಲಾದ ಮೇಲೆ ಅಯಾನುಗೋಳದಲ್ಲಿ ಎಲೆಕ್ಟ್ರಾನು ಕಡಿಮೆಯಿರುವ ಗುಳ್ಳೆಗಳು ಏಳುತ್ತವೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಇನ್ನೂ ಜಾಸ್ತಿ. ನಿಮಿಷಕ್ಕೆ ಎಷ್ಟು ಘಟಕ ಬದಲಾಯಿತು ಅಂತ ತೆಗೆದು, ಐದೈದು ನಿಮಿಷಕ್ಕೆ ಅದರ ಏರುಪೇರು ಲೆಕ್ಕ ಹಾಕಿ. 0.5 ದಾಟಿದರೆ ಗುಳ್ಳೆ ಇದೆ ಅಂತ ಹಿಡಿಯಬಹುದು. ಅಂಥ ರಾತ್ರಿಯ ನೀರಾವಿ ಲೆಕ್ಕವನ್ನು ನಂಬುವ ಮುಂಚೆ ಎರಡು ಸಲ ನೋಡಿ, ಸಿಗ್ನಲ್ ಅಲ್ಲಲ್ಲಿ ತುಂಡಾಗಿರುತ್ತದೆ.

ನೆಲದ ಚಲನೆ

ಇದಕ್ಕೆ ಕಷ್ಟವೇ ಇಲ್ಲ, ಬೇರೆಯವರು ಆಗಲೇ ಮಾಡಿಟ್ಟಿದ್ದಾರೆ. ಅಮೆರಿಕದ ನೆವಾಡಾ ಜಿಯೋಡೆಟಿಕ್ ಲ್ಯಾಬೊರೇಟರಿ ಐಐಎಸ್‌ಸಿ ನಿಲ್ದಾಣದ ದಿನದಿನದ ಸ್ಥಾನವನ್ನು ಪಠ್ಯ ಕಡತವಾಗಿ ಇಟ್ಟಿದೆ. ಅದನ್ನು ಎಕ್ಸೆಲ್‌ಗೆ ಹಾಕಿ ಪೂರ್ವ, ಉತ್ತರ, ಎತ್ತರ ಮೂರೂ ಕಾಲಂಗಳ ಗೆರೆ ಎಳೆಯಿರಿ. ಪೂರ್ವ ಮತ್ತು ಉತ್ತರ ಎರಡೂ ನೇರವಾಗಿ ಏರುತ್ತವೆ. ಸೇರಿಸಿದರೆ ವರ್ಷಕ್ಕೆ ಐದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ, ಈಶಾನ್ಯ ದಿಕ್ಕಿಗೆ. ಇಡೀ ಭಾರತದ ಫಲಕವೇ ಹೀಗೆ ಹೋಗುತ್ತಿದೆ, ಉಡುಪಿಯೂ ಅದರ ಜೊತೆಗೇ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ. ಆ ಬೇರ್ಪಟ್ಟ ಮೇಲೆ ಒಂದು ಘಟ್ಟದಲ್ಲಿ ನಮ್ಮ ಫಲಕ ವರ್ಷಕ್ಕೆ 15 ಸೆಂ.ಮೀ.ಗೂ ಜಾಸ್ತಿ ಓಡಿದೆ.

ಪೂರ್ವದ ಗೆರೆಯನ್ನು 2004ರ ಡಿಸೆಂಬರ್ 26ರ ಹತ್ತಿರ ದೊಡ್ಡದು ಮಾಡಿ ನೋಡಿ. ಸುಮಾತ್ರಾ ಭೂಕಂಪದ ದಿನ ಬೆಂಗಳೂರು ಒಂದು ಸೆಂ.ಮೀ.ಗಿಂತ ತುಸು ಜಾಸ್ತಿ ಪೂರ್ವಕ್ಕೆ ಜಗ್ಗಿದ ಮೆಟ್ಟಿಲು ಕಾಣುತ್ತದೆ. ಎತ್ತರದ ಗೆರೆ ಗದ್ದಲದಿಂದ ತುಂಬಿರುತ್ತದೆ. ತಿಂಗಳ ಸರಾಸರಿ ತೆಗೆದರೆ ಮಳೆಗಾಲದ ನೀರಿನ ಭಾರಕ್ಕೆ ನೆಲ ಕೆಲವು ಮಿ.ಮೀ. ಕುಗ್ಗಿ ಬೇಸಿಗೆಗೆ ಏಳುವುದು ಗೊತ್ತಾಗುತ್ತದೆ.

ನಿಮ್ಮ ಟೆರೇಸಿನ ಆಂಟೆನಾದಿಂದಲೂ ಐದು ಸೆಂ.ಮೀ. ವೇಗ ಎರಡು ವರ್ಷದಲ್ಲಿ ಚೆನ್ನಾಗಿ ಸಿಗುತ್ತದೆ. ಮಂಗಳೂರು ಬೆಂಗಳೂರಿಗಿಂತ ಬೇರೆಯಾಗಿ ಸರಿಯುತ್ತಿದೆಯಾ ಎಂಬ ಪ್ರಶ್ನೆಗೆ ಮಾತ್ರ ಟೆರೇಸು ಉತ್ತರ ಕೊಡಲಾರದು. 10 ಮೀಟರ್ ಕಾಂಕ್ರೀಟ್ ಕಟ್ಟಡ 10 ಡಿಗ್ರಿ ಬಿಸಿಯಾದರೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ನಾವು ಹುಡುಕುವ ವ್ಯತ್ಯಾಸವೇ ಅಷ್ಟಿಲ್ಲ. ಅದಕ್ಕೆ ಕರಿಕಲ್ಲಿನ ಪಾದೆಗೆ ಸ್ಟೀಲ್ ರಾಡ್ ಕೊರೆದು ಕೂರಿಸಬೇಕು, ಮುರಕಲ್ಲು ಆಗುವುದಿಲ್ಲ. ಜೊತೆಗೆ ಅನೇಕ ವರ್ಷ ಕಾಯಬೇಕು. ಸರ್ವೇ ಆಫ್ ಇಂಡಿಯಾದ ಸಿಒಆರ್‌ಎಸ್ ಜಾಲದ, ಸದಾ ಅಳೆಯುತ್ತಲೇ ಇರುವ ಕಾಯಂ ನಿಲ್ದಾಣಗಳು ಕರ್ನಾಟಕದಲ್ಲೂ ಇವೆ. ನೋಂದಾಯಿಸಿಕೊಂಡು ಅವುಗಳ ಡೇಟಾ ಕೇಳುವುದು ಇದಕ್ಕಿಂತ ಜಾಣತನ.

ಕಡಲಿಗೆ ಮುಖ ಮಾಡಿದ ಜಾಗ ಇದ್ದವರಿಗೆ

ಕಾಪು, ಪಡುಬಿದ್ರಿ, ಸುರತ್ಕಲ್ ಕಡೆ ನೀರಿಗೆ ತಾಗಿಕೊಂಡೇ ಗಟ್ಟಿ ಕಂಬ ನಿಲ್ಲಿಸುವ ಜಾಗ ಇದ್ದರೆ ಅದೇ ಆಂಟೆನಾದಿಂದ ಉಬ್ಬರ ಇಳಿತವನ್ನೂ ಅಳೆಯಬಹುದು. ನೀರಾವಿಗೆ ಬೇಡವಾದ ಪ್ರತಿಫಲನವೇ ಇಲ್ಲಿ ಬಂಡವಾಳ. ಪಶ್ಚಿಮದಲ್ಲಿ ಮುಳುಗುವ ಉಪಗ್ರಹದ ಸಿಗ್ನಲ್ ನೇರವಾಗಿಯೂ ಬರುತ್ತದೆ, ನೀರಿಗೆ ತಟ್ಟಿಯೂ ಬರುತ್ತದೆ. ಎರಡೂ ಸೇರಿದಾಗ ಸಿಗ್ನಲಿನ ಬಲ ಅಲೆಯಲೆಯಾಗಿ ಏರಿಳಿಯುತ್ತದೆ. ಆಂಟೆನಾ ನೀರಿನಿಂದ 5 ಮೀಟರ್ ಮೇಲಿದ್ದರೆ ಉಪಗ್ರಹ 20 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಎಲ್1ರಲ್ಲಿ ಸುಮಾರು 13 ಅಲೆ. ನೀರು ಒಂದು ಮೀಟರ್ ಇಳಿದರೆ 16. ಅಲೆ ಎಣಿಸಿದರೆ ನೀರಿನ ಮಟ್ಟ ಬಂತು.

ಕ್ರಿಸ್ಟೀನ್ ಲಾರ್ಸನ್ ಅವರ ಉಚಿತ ಜಿಎನ್‌ಎಸ್‌ಎಸ್-ರೆಫ್ಲ್ ತಂತ್ರಾಂಶ ಈ ಎಣಿಕೆ ಮಾಡುತ್ತದೆ. ರೈನೆಕ್ಸಿಗೆ ಬದಲಿಸುವಾಗ ಸಿಗ್ನಲ್ ಬಲದ ಕಾಲಂ ಉಳಿಸಿಕೊಳ್ಳಿ. ಕಡಲಿನ ದಿಕ್ಕನ್ನು ಮಾತ್ರ ಆರಿಸಿ, ಹಿಂದಿನ ತೋಟದ ಕಡೆಯ ಉಪಗ್ರಹಗಳನ್ನು ಕೈಬಿಡಿ. ಮಳೆಗಾಲದ ಅಬ್ಬರದಲ್ಲಿ ನೀರಿನ ಮೈ ಒರಟಾಗಿ ಪ್ರತಿಫಲನ ಕೆಡುವುದರಿಂದ ಮೊದಲ ಪ್ರಯೋಗ ನವೆಂಬರಿನಿಂದ ಫೆಬ್ರವರಿ ಒಳಗೆ ಇರಲಿ. ನವಮಂಗಳೂರು ಬಂದರಿನ ಉಬ್ಬರ ಇಳಿತದ ಪಟ್ಟಿಯ ಜೊತೆ ತಾಳೆ ನೋಡಿ. ಬಂದರು, ದೀಪಸ್ತಂಭದಂಥ ಜಾಗಗಳಲ್ಲಿ ಲಿಖಿತ ಅನುಮತಿ ಸಿಗದೆ ಕಂಬ ನೆಡಬೇಡಿ. ಕಡಲ್ಕೊರೆತ ಇರುವ ದಂಡೆಯಾದರೆ ಕಂಬವನ್ನು ಮರಳಿನ ಬದಲು ಬಂಡೆಗೇ ಕೂರಿಸಿ.